ಶ್ರೀಪತಿ ಕೂತ ಬಂಡೆ

ಪದ್ಮನಾಭನಗರ
ಗುರುವಾರ

ವಿಶಾಲಾಕ್ಷಿಯವರಿಗೆ ಮಾಧವನ ನಮಸ್ಕಾರ.

ಶ್ರೀಪತಿ ಹೋದ ದಿನ ಆಸ್ಪತ್ರೆಯಲ್ಲಿ ನೀವು, "ಇವ್ರು ಕೊನೇಲಿ ಏನಾದ್ರೂ ಅಂದ್ರಾ?" ಎಂದು ಕೇಳಿದಿರಿ. ನಿಮ್ಮ ಹೆಸರು ಹೇಳಿದ, ನಾನು ಕೈ ಹಿಡಿದುಕೊಂಡಿದ್ದೆ ಎಂದೆ. ಅದು ಸುಳ್ಳು.

ತುರಹಳ್ಳಿ ಕಾಡಿನಂಚಿನ ಆ ದಾರಿಯಲ್ಲಿ ಏರೇನೂ ಇಲ್ಲ, ಮಕ್ಕಳೂ ನಡೆಯುತ್ತಾರೆ. ಅವತ್ತು ನಾವಿಬ್ಬರೂ ಅರ್ಧ ಗಂಟೆ ನಡೆದ ಮೇಲೆ ಶ್ರೀಪತಿ ಬಂಡೆಯ ಮೇಲೆ ಕೂತು, "ಯಾಕೋ ಎದೆ ಹಿಡ್ಕೊಂಡಂಗಿದೆ ಮಾಧು, ವಾಪಸ್ ಹೋಗೋಣ" ಎಂದ.

"ಬೆಳಿಗ್ಗೆ ತಿಂದ ಬೋಂಡಾ ಕಣೋ, ಗ್ಯಾಸು. ನೀನು ಕೂತಿರು, ಆ ತಿರುವಿನ ತನಕ ಹೋಗಿ ಬರ್ತೀನಿ" ಎಂದು ನಕ್ಕು ಹೊರಟೆ.

ಅಲ್ಲಿ ನವಿಲುಗಳಿದ್ದವು. ಫೋಟೊ ತೆಗೆಯುತ್ತ ನಿಂತೆ. ಅವನು ಎರಡು ಸಲ ಫೋನ್ ಮಾಡಿದ. ಮಾತಾಡಿದರೆ ನವಿಲು ಓಡಿಹೋದೀತೆಂದು ನಾನು ಎತ್ತಲಿಲ್ಲ. ಹಿಂತಿರುಗಿದಾಗ ಬಂಡೆಯ ಪಕ್ಕ ಬಿದ್ದಿದ್ದ. ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ.

ಮೊನ್ನೆ ವೈಕುಂಠ ಸಮಾರಾಧನೆಯಲ್ಲಿ ನೀವು ಎಲ್ಲರೆದುರು, "ಮಾಧವ ಅವ್ರು ಜೊತೇಲಿದ್ರಲ್ಲ, ಅದೇ ಸಮಾಧಾನ" ಎಂದಿರಿ. ನಾನು ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದೆ.

ಅವನ ಕನ್ನಡಕ ನನ್ನ ಬಳಿ ಉಳಿದಿದೆ. ಭಾನುವಾರ ಹತ್ತು ಗಂಟೆಗೆ ತರುತ್ತೇನೆ. ಬಾಗಿಲು ತೆಗೆಯಲು ಮನಸ್ಸಾಗದಿದ್ದರೆ ತೆಗೆಯಬೇಡಿ. ಜಗಲಿಯ ಮೇಲೆ ಇಟ್ಟು ಹೋಗುತ್ತೇನೆ.

ಇತಿ,
ಮಾಧವ