ಬಸುರಿ ಮೀನುಗಳ ವಿಚಾರ

ಸೋಮವಾರ, ಬೆಳಗಿನ ಚಹಾಕ್ಕೂ ಮೊದಲು

ಮೀನು ಪ್ರಯೋಗಾಲಯದ ಮಹಾರಾಣಿಗೆ, ಅಂದರೆ ನನ್ನ ಅಕ್ಕನ ಮಗಳಿಗೆ,

ಸೋದರಮಾವನ ಸಿಟ್ಟು ಬೆರೆತ ಆಶೀರ್ವಾದಗಳು.

ನಾನು ದಡದಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಹೊಂಡದ ಮೀನುಗಳೆಲ್ಲ ತೂಕದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಅಂಥವನಿಗೆ ನೀನು ಶನಿವಾರ ತುಂಬಿದ ಮಾರುಕಟ್ಟೆಯಲ್ಲಿ ಪಾಠ ಹೇಳಿದೆ!

ನಾನು ಮಾಡಿದ ತಪ್ಪಾದರೂ ಏನು? ಹೊಟ್ಟೆ ಉಬ್ಬಿದ ಗೆಂಡೆ ಮೀನುಗಳ ಹೊಂಡವನ್ನೇ ಕೊಂಡೆ. ಎಲ್ಲವೂ ತುಂಬು ಬಸುರಿಯರು, ಮರಿ ಮಾಡಿಸುವವರಿಗೆ ದುಪ್ಪಟ್ಟು ಬೆಲೆಗೆ ಮಾರೋಣ ಎಂದುಕೊಂಡೆ. ನಿನ್ನ ಅತ್ತೆ ಹೊಲಿಗೆ ಅಂಗಡಿಗೆ ಮೋಟಾರು ಯಂತ್ರ ತರಲು ಕೂಡಿಟ್ಟಿದ್ದ ದುಡ್ಡಿನಲ್ಲಿ ಚಿಟಿಕೆಯಷ್ಟು ತೆಗೆದಿದ್ದೆ, ಅಷ್ಟೆ. ಗಿರಾಕಿಗಳು ಮುತ್ತಿಕೊಂಡ ಹೊತ್ತಿಗೆ ಸರಿಯಾಗಿ ನೀನು ಬಂದೆ. ಮಾವ, ಗಂಡು ಮೀನಿಗೂ ಹೊಟ್ಟೆ ಬಂದಿದೆಯಲ್ಲ, ನೋಡಿಲ್ವಾ ಅಂದೆ. ಒಂದು ಮೀನಿನ ಹೊಟ್ಟೆಗೆ ನೀನೇ ಕತ್ತರಿ ಹಾಕಿದೆ. ಅತ್ತೆಯ ಅಂಗಡಿಯ ಬಿಳಿ ಲಾಡಿಯಂಥ ಹುಳ, ಗೇಣಿಗಿಂತ ಉದ್ದ, ಜಾರಿ ಹೊರಗೆ ಬಿತ್ತು. ಜನ ಮೂಗು ಮುಚ್ಚಿಕೊಂಡು ಚದುರಿದರು. ಪಕ್ಕದ ಐಸಿನವನು, ಏನಣ್ಣಾ, ಹೆರಿಗೆ ಸುಸೂತ್ರನಾ ಅಂತ ಕೇಳಿದ. ಅವನಿಗೂ ನಾನು ಸದರವಾದೆ!

ಅದರ ಮೇಲೆ ನಿನ್ನ ಮಳೆ ಪುರಾಣ ಬೇರೆ. ಕಳೆದ ಮಳೆಗಾಲ ಜೋರಾಯಿತಂತೆ. ದಡದ ಕೊಕ್ಕರೆ ಹಿಕ್ಕೆಯೆಲ್ಲ ಕೊಚ್ಚಿಕೊಂಡು ಹೊಂಡಕ್ಕೆ ಬಂತಂತೆ. ಅದರಲ್ಲಿದ್ದ ಹುಳದ ಮೊಟ್ಟೆ ಒಡೆದು, ಮರಿ ನೀರಿನ ಸಣ್ಣ ಕೀಟದೊಳಗೆ ಸೇರಿ, ಕೀಟ ತಿಂದ ಮೀನಿನ ಹೊಟ್ಟೆಯಲ್ಲಿ ಬೆಳೆಯಿತಂತೆ. ಅಲ್ಲಮ್ಮಾ, ಇಷ್ಟೆಲ್ಲ ಗೊತ್ತಿದ್ದವಳು ನಾನು ಹೊಂಡ ಕೊಳ್ಳುವ ಮುಂಚೆಯೇ ಮಾವನಿಗೊಂದು ಮಾತು ಹೇಳಬಾರದಿತ್ತಾ? ಹೇಳಿದ್ದೆ ಮಾವ, ನೀವು ಗೊರಕೆ ಹೊಡೀತಿದ್ರಿ ಅನ್ನುತ್ತೀಯ. ಎಬ್ಬಿಸಿ ಹೇಳಬೇಕಿತ್ತು!

ಈಗ ಆ ಹೊಂಡದ ಒಂದು ಮೀನೂ ಬೇರೆ ನೀರಿಗೆ ಹೋಗಕೂಡದು ಎಂದು ಬೋರ್ಡು ನೆಟ್ಟಿದ್ದೀಯ. ಅದನ್ನು ಕಿತ್ತೆಸೆಯಲೆಂದೇ ನಿನ್ನೆ ಹೋಗಿದ್ದೆ. ಒಂದಷ್ಟು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಚೆಯ ಹೊಂಡದವನು ತನ್ನ ಮರಿಗಳಿಗೆ ತೌಡು ಎರಚುತ್ತ, ಏನೋ ಹಾಡಿಕೊಳ್ಳುತ್ತಿದ್ದ. ಬೋರ್ಡು ಕೊಂಚ ವಾಲಿತ್ತು. ನೆಟ್ಟಗೆ ಮಾಡಿ ಬಂದೆ. ನಿನ್ನ ಮೇಲಿನ ಪ್ರೀತಿಗೆ ಅಂತ ತಿಳಿಯಬೇಡ.

ಭಾನುವಾರ ಊಟಕ್ಕೆ ಬಾ. ಅತ್ತೆಯ ಎದುರು ಆ ಮಳೆಯ ಕಥೆಯನ್ನು ಒಂದಕ್ಷರ ಬಿಡದೆ ಹೇಳು. ನಾನು ಹೇಳಿದರೆ ನಂಬುವುದಿಲ್ಲ. ತಪ್ಪೆಲ್ಲ ಮಳೆಯದೇ ಅಂತ ಒತ್ತಿ ಹೇಳು.

ಸಿಟ್ಟು ಇನ್ನೂ ಇಳಿಯದ,
ನಿನ್ನ ಮಾವ

ಮರೆತಿದ್ದೆ: ಹೋಗಿದ್ದು ಐದು ಸಾವಿರ ಅಂತ ಅತ್ತೆಗೆ ಹೇಳಿದ್ದೇನೆ. ನೀನು ಬಾಯಿ ತಪ್ಪಿಯೂ ಬೇರೆ ಹೇಳಬೇಡ. ಅವಳು ದುಡ್ಡು ಕೂಡಿಟ್ಟ ಡಬ್ಬಿಯನ್ನು ಇನ್ನೂ ತೆರೆದು ನೋಡಿಲ್ಲ; ಅದರಲ್ಲಿದ್ದದ್ದೆಲ್ಲ ಬಳಿದುಕೊಂಡು ಹೋಗಿದ್ದೆ. ಅರವತ್ತೆಂಟು ಸಾವಿರ.