ಕಾಫಿ ಹೂವಿನಡಿ ಒಂದು ನಿದ್ದೆ

ಕಳಸ
೧೮ ಏಪ್ರಿಲ್ ೨೦೨೫

ಚಿ. ಸೌ. ನಾಗಶ್ರೀಗೆ,

ಅಮ್ಮನ ನೆನಪು ಮೊದಲು, ಆಶೀರ್ವಾದ ಆಮೇಲೆ. ನಿನ್ನ ಸಂಕ್ರಾಂತಿಯ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅಳು ಬಂದು ಫೋನ್ ಇಟ್ಟುಬಿಡುತ್ತೇನೆ. ಕಾಗದವಾದರೆ ಕಣ್ಣೊರೆಸಿಕೊಂಡು ಮತ್ತೆ ಬರೆಯಬಹುದು. ತಡವಾಗಿದ್ದಕ್ಕೆ ಒಬ್ಬ ಹುಡುಗಿ ಕಾರಣ. ಅವಳ ವಿಷಯವನ್ನೇ ಹೇಳುತ್ತೇನೆ.

ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಮೆಣಸಿನ ಗೋದಾಮಿನ ಮುಂಭಾಗವನ್ನು ನಿನ್ನ ಅಪ್ಪಾಜಿ ಸುಪ್ರಿಯಾ ಎಂಬುವಳಿಗೆ ಬಾಡಿಗೆಗೆ ಕೊಟ್ಟರು. ವಸ್ತಾರೆ ಕಡೆಯವಳು. ದೇಶ ಬಿಟ್ಟು ಓಡಿಬಂದವರಿಗೆ ಕೆಲಸ ಕಲಿಸಿ, ಹೋಂಸ್ಟೇ, ಹೋಟೆಲುಗಳಲ್ಲಿ ಕೆಲಸ ಹುಡುಕಿಕೊಡುವ ‘ಹೊಸಿಲು’ ಎಂಬ ಸಂಸ್ಥೆ ಅವಳದು. ಇಲ್ಲಿ ಬೇಕರಿ ಹಾಕಿದಳು. “ಒಳ್ಳೇ ದಾನ ಕಣಮ್ಮ” ಅಂದರೆ ನಕ್ಕಳು. “ದಾನ ಅಲ್ಲ ಆಂಟಿ, ಅಂಗಡಿ. ಬ್ರೆಡ್ ಚೆನ್ನಾಗಿಲ್ಲ ಅಂದ್ರೆ ತಗೊಳ್ಳಲೇಬೇಡಿ.”

ನಾನು ಹೇಳಿದ ಹುಡುಗಿ ಫರೀಬಾ ಅಲ್ಲಿಗೆ ಕೆಲಸಕ್ಕೆ ಬಂದವಳು. ಅಫ್ಘಾನಿಸ್ತಾನದ ಹೆರಾತ್ ಅವಳ ಊರು. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದಳಂತೆ. ಶಾಲೆ ಮುಚ್ಚಿಸಿದರು, ಮನೆಯಲ್ಲೇ ಪಾಠ ಹೇಳಿದ್ದಕ್ಕೆ ಬೆದರಿಕೆ ಬಂತು. ದೆಹಲಿಗೆ ಓಡಿಬಂದು ಕಾಗದಪತ್ರಕ್ಕಾಗಿ ವರ್ಷಗಟ್ಟಲೆ ಕಾದಳು, ಹಿಂದಿ ಕಲಿತಳು. ನಾನು ಮದುವೆಗೆ ಮುಂಚೆ ಪಾಸು ಮಾಡಿದ್ದ ಹಿಂದಿ ಪರೀಕ್ಷೆ ಈಗ ಉಪಯೋಗಕ್ಕೆ ಬಂತು ನೋಡು! ಉಳಿಯಲು ಜಾಗ ಸಿಗುವವರೆಗೆ ನಮ್ಮಲ್ಲೇ ಇರಲಿ ಅಂದೆ. ಅಪ್ಪಾಜಿ ಪೇಪರಿನಿಂದ ತಲೆ ಎತ್ತದೆ “ಹ್ಞೂಂ” ಅಂದರು.

ಮೊದಮೊದಲು ಅವಳ ರೊಟ್ಟಿ ಯಾರಿಗೂ ಬೇಡವಾಗಿತ್ತು. ಉದ್ದಕ್ಕೆ, ದೋಣಿಯ ಹುಟ್ಟಿನ ಹಾಗೆ ಇರುತ್ತದೆ, ಮೇಲೆ ಕರಿಜೀರಿಗೆ. ಸಂಜೆ ಉಳಿದದ್ದನ್ನು ನಾವೇ ಕಾಯಿಚಟ್ನಿ ಹಚ್ಚಿ ತಿನ್ನುತ್ತಿದ್ದೆವು. ಆಮೇಲೆ ಜೀಪಿನ ಡ್ರೈವರುಗಳು ಚಹಾಕ್ಕೆ ಅದ್ದಿಕೊಂಡು ತಿನ್ನತೊಡಗಿದರು. ಅವಳಿಗೆ ಅಷ್ಟಕ್ಕೇ ಹಬ್ಬ. ಆದರೆ ನಿದ್ದೆಯೊಂದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಹಗಲು ಸ್ವಲ್ಪ ಒರಗಿದರೂ ಹೊರಗೆ ಗಾಡಿ ನಿಂತ ಸದ್ದಿಗೆ ಎದ್ದು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.

ಹೂಮಳೆ ಬಿದ್ದು ಕಾಫಿ ಅರಳಿದ ಮೇಲಿನ ಒಂದು ಬೆಳಿಗ್ಗೆ ಅವಳನ್ನು ತೋಟಕ್ಕೆ ಕರೆದುಕೊಂಡು ಹೋದೆ. ನಾಗು, ಈ ಸಲದ ಹೂವು! ಗುಡ್ಡದ ತುಂಬ ಯಾರೋ ಹಾಲು ಚೆಲ್ಲಿ ಮರೆತು ಹೋದ ಹಾಗಿತ್ತು. ವಾಸನೆಗೆ ತಲೆ ಹಗುರಾಗಿ, ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಜೇನುಹುಳುಗಳ ಗುಂಯ್‌ಗುಡುವಿಕೆ ಬಿಟ್ಟರೆ ಲೋಕದಲ್ಲಿ ಬೇರೆ ಸದ್ದಿಲ್ಲ. ಫರೀಬಾ ಗಿಡಗಳ ನಡುವೆ ತರಗೆಲೆಯ ಮೇಲೆ ಕೂತಳು, ಆಮೇಲೆ ದುಪಟ್ಟಾವನ್ನು ತಲೆಯಡಿ ಮಡಚಿ ಮಲಗಿಯೇ ಬಿಟ್ಟಳು. ಬಾಯಿ ಚೂರು ತೆರೆದುಕೊಂಡು, ಮಗುವಿನ ಹಾಗೆ. ಹೂವು ಅವಳ ಕೆನ್ನೆಯ ಮೇಲೆ ಬೀಳುತ್ತಿತ್ತು. ತೆಗೆದರೆ ಎಚ್ಚರವಾದೀತೆಂದು ನಾನು ಕೈ ಚಾಚಲಿಲ್ಲ.

ಬಿಸಿಲು ಏರಿತು. ತೋಟದ ಲೆಕ್ಕ ಬರೆಯುವ ರೈಟರ್ ನಿಂಗಯ್ಯ ಬಂದು ಪಿಸುದನಿಯಲ್ಲಿ, “ಯಾರಮ್ಮಾ ಅದು?” ಅಂದ.

“ನಮ್ಮನೆ ಹುಡುಗಿ. ಮಲಗಿದಾಳೆ, ಸುಮ್ನಿರು” ಅಂದೆ. ಬಾಯಿಂದ ತಾನಾಗಿ ಬಂತು. ನಿಂಗಯ್ಯ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದ ದಾರಿಯಲ್ಲೇ ಹೋದ.

ಆ ವಾರವೇ ಪೇಟೆಯವರು ಮನೆಗೆ ಬಂದರು. ಎದುರುಸಾಲಿನ ಅಂಗಡಿಯ ಹಾಲೇಶ್ ಮಾತು ತೆಗೆದ. “ಏಕಾಂತಪ್ಪೋರೆ, ನೀವು ದೊಡ್ಡೋರು. ಯಾವ ದೇಶದೋರೋ ಏನೋ, ಗೋದಾಮು ಬಿಡಿಸ್ಬಿಡಿ. ನಾಳೆ ಏನಾದ್ರೂ ಆದ್ರೆ?”

“ಪೊಲೀಸ್ ಸ್ಟೇಷನ್ನಲ್ಲಿ ಕಾಗದ ಪತ್ರ ಎಲ್ಲ ತೋರಿಸಿದಾರೆ. ಇನ್ನೇನಾಗ್ಬೇಕು?” ಅಂದರು ಅಪ್ಪಾಜಿ.

“ಅದಲ್ಲ, ಒಬ್ಬಳೇ ಹೆಂಗ್ಸು, ಮನೆ ಬಿಟ್ಟು ಬಂದೋಳು...”

“ಕೇಳಿಲ್ಲಿ ಮಾರಾಯ. ಹೆಣ್ಣುಮಗಳು ಮನೆ ಬಿಟ್ಟಿದಾಳೆ ಅಂದ್ರೆ ಅಲ್ಲಿ ಇರಕ್ಕೆ ಆಗ್ಲಿಲ್ಲ ಅಂತ. ಅಂಥೋಳನ್ನ ಮತ್ತೆ ಹೊರಗೆ ಹಾಕೋದು ನನ್ನ ಕೈಲಾಗಲ್ಲ.”

ಅಡುಗೆಮನೆಯಲ್ಲಿ ನನ್ನ ಕೈಯ ಸೌಟು ನಿಂತುಬಿಟ್ಟಿತು. ಬಂದವರು ಕಾಫಿ ಕುಡಿದು ಎದ್ದು ಹೋದರು. ಮತ್ತೆ ಆ ಮಾತು ಬರಲಿಲ್ಲ.

ಈಗ ಜಾವಳಿಯ ಪರಮೇಶ್ವರ ಭಟ್ಟರು ಅವಳನ್ನು ತಮ್ಮ ಹೋಂಸ್ಟೇಗೆ ಕರೆಸಿಕೊಂಡಿದ್ದಾರೆ. ಅವಳಿಗೇ ಒಂದು ಕೋಣೆ, ತಿಂಗಳ ಸಂಬಳ, ಅತಿಥಿಗಳಿಗೆ ಬೆಳಗಿನ ರೊಟ್ಟಿ ಅವಳದೇ. ಮೊನ್ನೆ ಅಪ್ಪಾಜಿಯೇ ಜೀಪಿನಲ್ಲಿ ಬಿಟ್ಟು ಬಂದರು. ಹೊರಡುವಾಗ ಅವಳು ನನ್ನ ಎರಡೂ ಕೈ ಕಣ್ಣಿಗೊತ್ತಿಕೊಂಡಳು. ಭಟ್ಟರ ಮನೆಯ ಹೆಂಗಸರು ಒಳ್ಳೆಯವರಂತೆ. ನಿನ್ನೆ ಫೋನ್ ಮಾಡಿ, ಮಧ್ಯಾಹ್ನ ನಿದ್ದೆ ಬಂತು ಅಂದಳು.

ನಿಮ್ಮಿಬ್ಬರ ಮನೆಯಲ್ಲಿ ಅನ್ನದ ಘಮವೂ ನಗುವೂ ಸದಾ ಇರಲಿ. ಮೋಹಿತನಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ,
ಗಿರಿಜಾಂಬಾ

ಮರೆತ ಮಾತು: ಫರೀಬಾ ಮಲಗುತ್ತಿದ್ದುದು ನಿನ್ನ ಕೋಣೆಯಲ್ಲಿ. ಬೀಗದ ಕೈ ಅಪ್ಪಾಜಿಯೇ ತೆಗೆದುಕೊಟ್ಟರು. ನೀನು ಮೋಹಿತನನ್ನು ಮದುವೆಯಾದ ದಿನದಿಂದ ಅದು ಅವರ ಹತ್ತಿರವೇ ಇತ್ತು. ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ ಅವಳು, ಯಾರು ಅಂತ ಕೇಳಿದಳು. ಮಗಳು ಅಂದೆ. ಎಲ್ಲಿದ್ದಾಳೆ ಅಂದಳು. ಮೂಡಿಗೆರೆಯಲ್ಲಿ, ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಂಚೆ ತಲುಪಬಹುದು ಅಂದೆ. ಜಾತಿಯ ಕಾರಣಕ್ಕೆ ಅಪ್ಪನೂ ಮಗಳೂ ಮುಖ ನೋಡಿ ವರ್ಷಗಳಾದವು ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವಳು ಬರುವುದಿಲ್ಲ, ನಾವೂ ಹೋಗುವುದಿಲ್ಲ ಅಂದೆ ಅಷ್ಟೇ. ಆ ಹುಡುಗಿ ಗಾಬರಿಯಿಂದ, “ಯಾಕಮ್ಮಾ, ದಾರಿಯಲ್ಲಿ ಯುದ್ಧ ನಡೀತಿದೆಯಾ?” ಅಂತ ಕೇಳಿದಳು.

ನಾಗು, ಬರುವ ಬುಧವಾರ ಮೊದಲ ಬಸ್ಸಿಗೆ ನಾನು ಬರುತ್ತಿದ್ದೇನೆ. ನಿನ್ನ ಅಪ್ಪಾಜಿಗೆ ಹೇಳಿಯೇ ಹೊರಡುತ್ತೇನೆ.