ಶನಿವಾರದ ಆಟಕ್ಕೆ ಮುಂಚೆ

ನೆಯಾಫು, ಟೋಂಗಾ
ಮೇ ೧೪, ಬುಧವಾರ

ನನ್ನ ಮುದ್ದು ಹೆನೆಲಿಗೆ, ಲೊಸೆಲಿ ಅತ್ತೆಯ ಮುತ್ತುಗಳು.

ಹೇಗಿದ್ದೀಯಪ್ಪಾ? ಸಿಡ್ನಿಯಲ್ಲಿ ಚಳಿ ಶುರುವಾಗಿದೆಯಂತೆ, ಕಿವಿ ಮುಚ್ಚಿಕೊಂಡು ಓಡಾಡು. ಹೊಟ್ಟೆ ತುಂಬ ತಿನ್ನುತ್ತೀಯಾ? ಕಿತಿಯೋನಿಯ ಅಡುಗೆಯನ್ನು ನನ್ನ ಮಗ ಅಂತ ನಾನು ಹೊಗಳಬೇಕು, ಅಷ್ಟೆ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ. ನಿನ್ನ ಆಟದ ದಿನ ಮಾತ್ರ ಅದು ಎಲ್ಲಿಗೆ ಹೋಗುತ್ತದೋ, ಟಿವಿ ಮುಂದೆ ಕುಣಿಯುತ್ತಾನೆ. ಪಾದ್ರಿಯ ಹೆಂಡತಿ ಅಲ್ಲಿಗೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಈ ಕಾಗದವನ್ನೂ ನಾನು ಹೆಣೆದ ಕೇದಗೆಯ ಚಾಪೆಯನ್ನೂ ಕಳಿಸುತ್ತಿದ್ದೇನೆ. ಹಾಸಿಕೊಂಡು ಮಲಗು, ಗೋಡೆಗೆ ನೇತುಹಾಕಬೇಡ.

ಹೋದ ಶನಿವಾರದ ನಿನ್ನ ರಗ್ಬಿ ಆಟವನ್ನು ಚರ್ಚಿನ ಹಾಲಿನಲ್ಲಿ ಕೂತು ನೋಡಿದೆವು. ನೀನು ದೊಡ್ಡ ತಂಡದ ಅಂಗಿ ತೊಟ್ಟ ಮೇಲೆ ಊರಿನ ಶನಿವಾರವೆಲ್ಲ ಅಲ್ಲೇ. ಚೆಂಡು ಹಿಡಿದು ನುಗ್ಗಿದೆ, ಇಬ್ಬರು ಸೇರಿ ಕೆಡವಿದರು, ಒಬ್ಬನ ಭುಜ ನಿನ್ನ ಕಿವಿಯ ಮೇಲೆ ಬಡಿಯಿತು. ಎದ್ದವನು ಚೆಂಡನ್ನು ಅಲ್ಲೇ ಬಿಟ್ಟು, ನಗುತ್ತಾ ಹೋಗಿ ಎದುರು ತಂಡದವರ ಸಾಲಿನಲ್ಲಿ ನಿಂತೆ. ಹಾಲಿಗೆ ಹಾಲೇ ನಕ್ಕಿತು. ಬೇಕರಿಯ ಸೇಲೇಸಿ, "ಏನೇ ಲೊಸೆಲಿ, ನಿನ್ನಳಿಯ ಪಕ್ಷ ಬದಲಾಯಿಸಿಬಿಟ್ಟನಲ್ಲೇ! ಆ ಕಡೆ ಹುಡುಗಿ ಗಿಡುಗಿ ಇದ್ದಾಳೇನೇ?" ಅಂದಳು. ನಾನೂ ನಕ್ಕೆ. ನಗುತ್ತಲೇ ಟಿವಿಯ ಹತ್ತಿರಕ್ಕೆ ಸರಿದು ನಿನ್ನ ಮುಖ ನೋಡಿದೆ. ಅದು ನಿನ್ನ ನಗುವಲ್ಲ ಹೆನೆಲಿ. ಎತ್ತಿ ಆಡಿಸಿದವಳಿಗೆ ಗೊತ್ತಾಗುವುದಿಲ್ಲವೇ? ಡಾಕ್ಟರು ಒಳಗೆ ಕರೆದೊಯ್ದರು, ಸ್ವಲ್ಪ ಹೊತ್ತಿಗೆ ಮತ್ತೆ ಓಡಿ ಬಂದೆ. ತಮಾಷೆಗೆ ಹಾಗೆ ನಿಂತೆ ಅಂದೆಯಂತೆ. "ಪರೀಕ್ಷೆ ಪಾಸಾದನಲ್ಲ, ಇನ್ನೇನು!" ಅಂತ ನಿಮ್ಮಪ್ಪ ಚಪ್ಪಾಳೆ ತಟ್ಟಿದ.

ಆ ಪರೀಕ್ಷೆಯ ಗುಟ್ಟನ್ನು ಭಾನುವಾರ ಫೋನಿನಲ್ಲಿ ಕಿತಿಯೋನಿ ಬಾಯಿಬಿಟ್ಟ. ಪಂದ್ಯಗಳು ಶುರುವಾಗುವ ಮುಂಚೆ ಎಲ್ಲರನ್ನೂ ಕೂರಿಸಿ, ಈ ಪದಗಳನ್ನು ನೆನಪಿಟ್ಟು ಹೇಳು, ಈ ಅಂಕಿಗಳನ್ನು ಹಿಂದಿನಿಂದ ಹೇಳು ಅಂತಾರಂತೆ. ತಲೆಗೆ ಪೆಟ್ಟು ಬಿದ್ದಾಗ ಮತ್ತೆ ಕೇಳಿ ಎರಡನ್ನೂ ಹೋಲಿಸುತ್ತಾರಂತೆ. ನೀನು ಮೊದಲ ಸಲವೇ ಬೇಕಂತಲೇ ದಡ್ಡನ ಹಾಗೆ ತಪ್ಪು ಹೇಳಿದ್ದೆಯಂತೆ, ಮುಂದೆ ಪೆಟ್ಟು ಬಿದ್ದರೂ ವ್ಯತ್ಯಾಸ ಕಾಣಬಾರದು ಅಂತ. "ಭಾರಿ ಕಿಲಾಡಿ ಅಮ್ಮಾ ಅವನು" ಅಂತ ನನ್ನ ಮಗ ನಗುತ್ತಿದ್ದ. ಆಮೇಲೆ ದನಿ ಇಳಿಸಿದ. ಸಂಜೆ ಪ್ರಾರ್ಥನೆಯಲ್ಲಿ ಮನೆಯವರ ಹೆಸರು ಒಂದೊಂದಾಗಿ ಹೇಳುತ್ತಾ, ಸ್ವಂತ ತಂಗಿಯ ಹೆಸರಿಗೆ ಬಂದು ನಿಂತುಬಿಟ್ಟೆಯಂತೆ. ಅವನೇ ಹೇಳಿಕೊಟ್ಟನಂತೆ. ಅಡುಗೆಮನೆಯ ದೀಪಕ್ಕೂ ನಿನಗೆ ಕಪ್ಪು ಕನ್ನಡಕ ಬೇಕಂತೆ.

ಅಂದಿನಿಂದ ನನ್ನ ಹೆಣಿಗೆಯ ಎಳೆ ತಪ್ಪುತ್ತಿದೆ. ನಿನ್ನ ಹೆದರಿಕೆಯೂ ನನಗೆ ಅರ್ಥವಾಗುತ್ತದೆ ಕಂದಾ. ಮೊದಲ ವರ್ಷ, ಒಂದು ವಾರ ಕೂತರೆ ನಿನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಅವನು ಚೆನ್ನಾಗಿ ಆಡಿದರೆ ನಿನ್ನನ್ನು ಕೇಳುವವರಿಲ್ಲ. ನಿಮ್ಮಪ್ಪನಿಗೆ ಹೇಳಿದೆ. "ಆಟ ಅಂದ್ಮೇಲೆ ಪೆಟ್ಟು ಇದ್ದದ್ದೇ ಅಕ್ಕಾ" ಅಂದ. ನಮ್ಮಲ್ಲಿ ತಮ್ಮ ಅಕ್ಕನೆದುರು ಅದಕ್ಕಿಂತ ಹೆಚ್ಚು ಮಾತಾಡುವ ಹಾಗಿಲ್ಲವಲ್ಲ, ಎದ್ದು ಹೋದ.

ದೇವರು ನಿನ್ನ ನೆತ್ತಿಯ ಮೇಲೆ ಕೈಯಿಟ್ಟಿರಲಿ. ನಿಮ್ಮಮ್ಮ ನೆನೆಯುತ್ತಾಳೆ. ನಿನ್ನ ತಂಗಿ ಅಲಿಸಿ, ಹೆಸರು ಬರೆದೇ ಹೇಳುತ್ತಿದ್ದೇನೆ, ಅವಳೂ ನೆನೆಯುತ್ತಾಳೆ.

ನಿನ್ನ ಅತ್ತೆ,
ಲೊಸೆಲಿ

ಇನ್ನೊಂದು ಮಾತು. ಹೊರಗೆ ಪಾದ್ರಿಯ ಕಾರು ಹಾರ್ನ್ ಹೊಡೆಯುತ್ತಿದೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ನಿನಗೆ ತಿಳಿದಿರುತ್ತದೆ. ಪರೀಕ್ಷೆಯಲ್ಲಿ ನೀನು ಮಾಡಿದ್ದನ್ನು ನಿನ್ನೆ ತಂಡದ ಡಾಕ್ಟರಿಗೆ ಹೇಳಿಸಿದವಳು ನಾನೇ. ಕಿತಿಯೋನಿ ಅತ್ತುಕೊಂಡೇ ಹೋಗಿ ಹೇಳಿದ, ಅವನ ಮೇಲೆ ಕೈ ಎತ್ತಬೇಡ. ಈ ಶನಿವಾರ ನಿನ್ನನ್ನು ಆಡಿಸುವುದಿಲ್ಲ. ಮುಂದೆ ಯಾವಾಗ ಆಡಿಸುತ್ತಾರೋ, ಆಡಿಸುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಬೈಯಬೇಕೆನಿಸಿದರೆ ನನ್ನನ್ನೇ ಬೈ. ನಮ್ಮಲ್ಲಿ ಹೆಣದ ತಲೆಯ ಹತ್ತಿರ ಕೂರುವ ಹಕ್ಕು ಸೋದರತ್ತೆಯದು. ಜ್ವರದಲ್ಲಿ ಹೋದ ನಿನ್ನ ಅಣ್ಣನ ಹತ್ತಿರ ಒಮ್ಮೆ ಕೂತಿದ್ದೇನೆ. ಆ ಹಕ್ಕು ಇನ್ನು ನನಗೆ ಬೇಡ ಮಗಾ.